ಹತ್ತು ನಿಮಿಷದಾಗ ಹಿಡಿಯದ ಮಾತು

ರೇಡಿಯೋದಾಗ ನನ್ನ ಮಾತು ಕೇಳಿದವರು ಎಲ್ಲೆರೆ ಬಸ್‌ಸ್ಟ್ಯಾಂಡಿನಾಗ, ಮದುವಿ ಮನ್ಯಾಗ ಸಿಕ್ಕಾಗ ಒಂದೇ ಮಾತು ಹೇಳ್ತಾರ: ವಿಜ್ಞಾನ ಹೇಳಿದ್ರೂ ಹಾಡು ಕೇಳಿದಂಗ ಆಗ್ತೈತಿ ನೋಡ್ರಿ ಮಾಸ್ತರ. ಪ್ರೀತಿಯಿಂದನ ಹೇಳ್ತಾರ, ಅದು ನನಗ ಗೊತ್ತೈತಿ. ಆದ್ರ ಆ ಮಾತು ಕಿವಿಗೆ ಬಿತ್ತಂದ್ರ ಅಂಗಾಲಿನಿಂದ ನೆತ್ತಿತನಕ ಉರಿ ಏರ್ತೈತಿ. ಏನರೆ ಒರಟು ಮಾತು ಅಂದು ಅವರ್ನ ಸಾಗಹಾಕ್ತೀನಿ. ಆಮ್ಯಾಲ ಮನಿಗೆ ಬಂದು, ಪಾಪ, ಅವರದೇನು ತಪ್ಪು ಅಂತ ನನ್ನನ್ನ ನಾನ ಬೈಕೋತೀನಿ. ಹಿಂಗ ಎಷ್ಟು ಮಂದಿನ್ನ ಕಳಕೊಂಡೀನೋ ಲೆಕ್ಕಿಲ್ಲ. ಯಾಕ ಹಿಂಗ ಅಂತ ಒಬ್ಬರಿಗೂ ಹೇಳಿಲ್ಲ. ಈಗ ಬರದಿಡ್ತೀನಿ, ಓದಿದವರು ಏನ ಅನ್ನಲಿ.

ನಾವು ಸಿಂಧನೂರಿನವರು. ಅಪ್ಪ ಹಾರ್ಮೋನಿಯಂ ಬಾರಿಸ್ತಿದ್ದ. ಸೋಮವಾರದ ಭಜನಿಗೂ ಹೋಗ್ತಿದ್ದ, ನಾಟಕದವರು ಕರದ್ರ ಅಲ್ಲಿಗೂ ಹೋಗ್ತಿದ್ದ. ನಾನು, ನನ್ನ ತಂಗಿ, ಇಬ್ಬರೇ ಮಕ್ಕಳು. ಅವ್ವ ನಾವು ಸಣ್ಣವರಿದ್ದಾಗ ಹೋಗಿದ್ಲು. ಅಪ್ಪ ಇಬ್ಬರನ್ನೂ ಮುಂದ ಕುಂಡ್ರಿಸಿಕೊಂಡು ಒಟ್ಟಿಗೇ ಹೇಳಿಕೊಟ್ಟ. ನಾನು ಹೊರಗ ಹಾಡಿದೆ, ಜವಳಗೇರಾ, ಮಸ್ಕಿ, ಮುದಗಲ್‌ತನಕ ಹೋಗಿ ಶಾಲು ಹೊದ್ದುಕೊಂಡು ಬಂದೆ. ತಂಗಿ ಒಲಿ ಮುಂದ ಹಾಡಿದ್ಲು. ನಮ್ಮ ಮನಿತನದಾಗ ಹೆಣ್ಣುಮಕ್ಕಳು ನಾಕು ಮಂದಿ ಮುಂದ ಕುಂತು ಹಾಡೂದು ಇದ್ದಿಲ್ಲ, ಅಪ್ಪನಂಥ ಅಪ್ಪನಿಗೂ ಅದು ಹೊಳೀಲಿಲ್ಲ.

ನಲವತ್ತೆಂಟರಾಗ ನಾನು ಹೈದರಾಬಾದಿನಾಗ ಕಾಲೇಜು ಓದಾಕತ್ತಿದ್ದೆ. ಗಲಾಟಿ ಜೋರಾಗಿ ಕಾಲೇಜು ಮುಚ್ಚಿತು, ನಾನು ಊರಿಗೆ ಬಂದೆ. ಅದೇ ಮಳಿಗಾಲದಾಗ ಅಪ್ಪ ಜ್ವರ ಬಂದು ತೀರ್ಕೊಂಡ. ಹೊರಗ ಹೋಗಾಕ ಅಂಜಿಕಿ, ಮಂದಿ ಬಾಗಲಾ ಹಾಕ್ಕೊಂಡು ಮನ್ಯಾಗ ಕುಂತ ದಿನಗಳು. ತಂಗಿ, ನಾನು ಹೊತ್ತು ಹೋಗಲಿ ಅಂತ ಅಪ್ಪನ ಹಾರ್ಮೋನಿಯಂ ತಗದು ಹಾಡ್ತಿದ್ದೆವು. ಒಂದಿನ ಮಧ್ಯಾಹ್ನ ಆಕಿ ಒಂದು ವಚನ ಎತ್ತಿಕೊಂಡ್ಲು. ನಾ ಪೆಟಿಗಿ ಒತ್ತೂದು ಬಿಟ್ಟು ಸುಮ್ಮನ ಕೇಳಿದೆ. ನಾ ಎಷ್ಟು ವರ್ಷ ತಿಣಕಿದ್ರೂ ಹತ್ತಿರ ಹೋಗಲಾರದ ಜಾಗಕ್ಕ ಆಕಿ ಹಿಟ್ಟು ನಾದಕೋತ ಹೋಗಿ ನಿಂತಿದ್ಲು. ಹೊಟ್ಟಿಕಿಚ್ಚು ಆತು, ನಾಚಿಕಿನೂ ಆತು. ಒಳಗ ಇಂಥಾಕಿ ಇರುವಾಗ ನಾನು ಹೊರಗ ಶಾಲು ಹೊದಿಸಿಕೊಳ್ಳೂದು ಕಳ್ಳತನ ಅನಿಸ್ತು. ಅವತ್ತಿಗೆ ಹಾಡೂದು ಬಿಟ್ಟೆ. ಸೊಕ್ಕು ಅಂದ್ರು ಮಂದಿ. ಇರಬಹುದು.

ಮುಂದ ಕಾಲೇಜು ತೆರೀತು, ಭೌತಶಾಸ್ತ್ರ ಮುಗಿಸಿದೆ, ಲಿಂಗಸುಗೂರಿನ ಹೈಸ್ಕೂಲಿನಾಗ ಮಾಸ್ತರಕಿ ಸಿಕ್ತು. ತಂಗಿನ್ನ ಮಸ್ಕಿಗೆ ಕೊಟ್ಟೆ. ಭಾವ ಬಜಾರದಾಗ ಅರಿವಿ ಅಂಗಡಿ ಇಟ್ಟಿದ್ದ, ಸಂಭಾವಿತ. ಅಂಗಡಿ ಮುಂದ, ಮನಿ ಹಿಂದ. ಮನ್ಯಾಗ ಅವನ ಅವ್ವ ಒಬ್ಬಾಕಿ. ಹಣಿಗೆ ಇಬತ್ತಿ ಹಚ್ಚದ ನೀರು ಕುಡಿಯಲಾರದಾಕಿ, ಆದ್ರ ಕೆಟ್ಟಾಕಿ ಅಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ, ಯಾಕಂದ್ರ ಇಂಥ ಕಥಿಯೊಳಗ ಅತ್ತಿನ್ನ ಕೆಟ್ಟಾಕಿ ಮಾಡೂದು ಭಾಳ ಹಗರ.

ಹೈದರಾಬಾದಿನ ರೇಡಿಯೋ ಕೇಂದ್ರದವರು ಮೊದಲು ಕರದದ್ದು ತಂತಿ ಯಾಕ ನುಡೀತೈತಿ ಅನ್ನೂದರ ಮ್ಯಾಲ ಮಾತಾಡಾಕ. ಹಾಡುವಾಂವ ಇದ್ದಾನ, ಸೈನ್ಸೂ ಓದ್ಯಾನ ಅಂತ ಯಾರೋ ಹೇಳಿದ್ರಂತ. ನನ್ನ ಫಜೀತಿ ಏನಂದ್ರ, ನಾನು ಭೌತಶಾಸ್ತ್ರ ಕಲತದ್ದು ಎಲ್ಲಾ ಉರ್ದೂದಾಗ. ಕಿರಣ ಅಂದ್ರ ನನ್ನ ತಲ್ಯಾಗ ಮೊದಲ ಶುಆ ಅಂತ ಬರ್ತಿತ್ತು. ಕನ್ನಡದಾಗ ಹೆಂಗ ಹೇಳೂದು? ರವಿವಾರ ಬಸ್ ಹತ್ತಿ ಮಸ್ಕಿಗೆ ಹೋದೆ. ತಂಗಿ ಜ್ವಾಳ ಹಸನ ಮಾಡಾಕತ್ತಿದ್ಲು. ನಾನು ಒಂದೊಂದ ವಿಷಯ ಬಿಡಿಸಿ ಹೇಳಿದೆ, ಆಕಿ ಅದಕ್ಕ ಮನ್ಯಾಗಿನ ಮಾತು ಹುಡುಕಿ ಕೊಟ್ಲು. ನೀರಾಗ ಕೋಲು ಮುರದಂಗ ಕಾಣೂದು, ಬಾವಿಯೊಳಗ ಕೂಗಿದ್ರ ಕೂಗು ತಿರುಗಿ ಬರೂದು, ತುಂಬಿದ ಕೊಡದ ಸಪ್ಪಳ ಬ್ಯಾರೆ ಬರಿದಾದ ಕೊಡದ ಸಪ್ಪಳ ಬ್ಯಾರೆ ಅನ್ನೂದು, ಇಂಥಾವು. ನನ್ನ ಮಾತು ಮಂದಿಗೆ ತಿಳೀತು ಅಂದ್ರ ಅದು ಆಕಿ ಕೊಟ್ಟ ಮಾತು. ಇನ್ನೊಂದು ಕಲಿಸಿದ್ಲು. ಬರದದ್ದನ್ನ ನಾ ಓದಿ ತೋರಿಸಿದಾಗ ಕೈಬೆರಳಿಲೆ ನೆಲ ತಟ್ಟಕೋತ ಕೇಳಿ, ಮಾತು ಎಲ್ಲೋ ಹೋಗಿ ನಿಂದರ್ತೈತಿ ಅಣ್ಣಾ, ಹಾಡಿನಂಗ ಸಮಕ್ಕ ಬಂದು ಬೀಳಬೇಕು, ಅಂದ್ಲು. ಸಮ ಅಂದ್ರ ತಾಳ ಒಂದು ಸುತ್ತು ಮುಗಿಸಿ ಬಂದು ಬೀಳೂ ಪೆಟ್ಟು. ಅವತ್ತಿನಿಂದ ನಾನು ಕಡೀ ಸಾಲು ಮೊದಲ ಬರದು, ಆಮ್ಯಾಲ ಉಳಿದದ್ದು ಬರೀತಿದ್ದೆ. ಹತ್ತು ನಿಮಿಷದ ಮಾತು, ಹತ್ತನೇ ನಿಮಿಷಕ್ಕ ಸರಿಯಾಗಿ ಆ ಸಾಲಿನ ಮ್ಯಾಲ ಬಂದು ಕೂಡ್ರಬೇಕು. ಒಂದು ಕ್ಷಣ ಹೆಚ್ಚಿಲ್ಲ, ಕಡಿಮಿಲ್ಲ.

ಎರಡು ಮೂರು ತಿಂಗಳಿಗೊಮ್ಮೆ ಕರೀತಿದ್ರು. ರಾಯಚೂರಿಗೆ ಹೋಗಿ ರೈಲು ಹತ್ತಬೇಕು. ಅಲ್ಲಿ ಗಾದಿ ಬಡದ ಗ್ವಾಡಿ, ಗಾಳಿ ಆಡದ ಖೋಲಿ, ಎದುರಿಗೆ ಒಂದು ಕೆಂಪು ದೀಪ. ದೀಪ ಹತ್ತಿದ್ರ ಸುರು. ನಾನು ಮಾಸ್ತರ ಅಂತ ಊರಾಗ ನಮಸ್ಕಾರ ಹೊಡೀತಿದ್ದವರು ಈಗ ತಡದು ನಿಲ್ಲಿಸಿ ಮಾತಾಡಸಾಕ ಹತ್ತಿದ್ರು. ಭಾವ ತನ್ನ ಅಂಗಡಿಗೆ ಬ್ಯಾಟರಿ ರೇಡಿಯೋ ತಂದಿಟ್ಟ. ನನ್ನ ಮಾತು ಇದ್ದ ಸಂಜಿಗೆ ಅಂಗಡಿ ಮುಂದ ಕಟ್ಟಿ ತುಂಬ ಮಂದಿ ಕುಂಡ್ರತಿದ್ರು. ತಂಗಿ ನಡುವಿನ ಬಾಗಲ ಪಡದೆ ಹಿಂದ ನಿಂತು ಕೇಳ್ತಿದ್ಲು. ಹಾಡು ಬಿಟ್ಟವಗ ಹಾಡಿನ ಸುಖ ಹಿಂದಿನ ಬಾಗಲಿಂದ ತಿರುಗಿ ಬಂದಿತ್ತು. ಸುಳ್ಳು ಯಾಕ ಹೇಳ್ಲಿ, ನಾನು ಉಬ್ಬಿಹೋಗಿದ್ದೆ.

ತಂಗಿ ಬದುಕು ಮಾತ್ರ ಬ್ಯಾರೆ ಇತ್ತು. ಮೊದಲನೇ ಬಸುರು ಐದನೇ ತಿಂಗಳಿಗೆ ಹೋತು. ಎರಡನೇದು ದಿನ ತುಂಬಿ ಹುಟ್ಟಿತು, ಆದ್ರ ಅಳಲಿಲ್ಲ. ಎರಡನೇದರ ಹೊತ್ತಿನಾಗ ಒಂದು ಚಂದ್ರಗ್ರಹಣ ಹಿಡಿದಿತ್ತು. ಆಕಿಗೆ ಗ್ಯಾನ ಇದ್ದಿಲ್ಲೋ, ಮರತಿದ್ಲೋ, ಆ ಹೊತ್ತಿನಾಗ ಈಳಿಗಿ ಮುಂದ ಕುಂತು ಬದನಿಕಾಯಿ ಹೆಚ್ಚಿದ್ಲಂತ. ಕೂಸು ಸತ್ತು ಹುಟ್ಟಿದ ಮ್ಯಾಲ ಅದು ನೆನಪಿಗೆ ಬಂತು ಎಲ್ಲಾರಿಗೂ. ಅತ್ತಿ ಬೈಯಲಿಲ್ಲ, ಬೈದಿದ್ರ ಛಲೋ ಇತ್ತು. ಹಣಿಬಾರ ಅಂತ ನಿಟ್ಟುಸಿರು ಬಿಟ್ಲು. ಓಣ್ಯಾಗಿನ ಹೆಂಗಸರು ಬಂದು ಬಂದು ಬದನಿಕಾಯಿ ಸುದ್ದಿ ಕೇಳಿ ಹೋದ್ರು. ಆಕಿ ಬದನಿಕಾಯಿ ತಿನ್ನೂದು ಬಿಟ್ಲು, ಹಾಡೂದು ಬಿಟ್ಲು.

ಐವತ್ತೈದರ ಬ್ಯಾಸಿಗ್ಯಾಗ ಆಕಿ ಮತ್ತ ಬಸುರಾದ್ಲು. ಅದೇ ಹೊತ್ತಿಗೆ ಪಂಚಾಂಗದವರು ಹೇಳಿದ್ರು, ಮಣ್ಣೆತ್ತಿನ ಅಮಾಸಿ ದಿನ ಮುಂಜಾನಿ ಸೂರ್ಯಗ್ರಹಣ. ನಾನು ಮಸ್ಕಿಗೆ ಹೋದಾಗ ಅತ್ತಿ ಆಗಲೇ ಕಾಳಿನ ಖೋಲಿ ಹಸನ ಮಾಡಿಸಿ, ಕಿಡಕಿಗೆ ಕಂಬಳಿ ಬಡಿಸಾಕತ್ತಿದ್ಲು. ಸೊಸಿ ಅವತ್ತು ಅದರೊಳಗ ಅಲುಗಾಡದ ಮಲಗಬೇಕು, ಬಿಸಲಿನ ಒಂದು ಎಳಿ ಬೀಳಬಾರದು. ತಂಗಿ ನನ್ನ ಹಿತ್ತಲಿಗೆ ಕರಕೊಂಡು ಹೋದ್ಲು. ಬಾಗಲಾ ಮುಂದ ಮಾಡಿ ಕೇಳಿದ್ಲು:

"ಖರೇ ಹೇಳು ಅಣ್ಣಾ. ನಾ ಹೆಚ್ಚಿದ್ದಕ್ಕ ಕೂಸು ಹೋತೇನು?"

ಇಲ್ಲವ್ವಾ, ಗ್ರಹಣಕ್ಕೂ ಕೂಸಿಗೂ ಸಂಬಂಧ ಇಲ್ಲ, ಚಂದ್ರನ ಮ್ಯಾಲ ನೆಳ್ಳು ಬಿದ್ರ ನಿನ್ನ ಹೊಟ್ಟಿಗೆ ಏನಾಗ್ತೈತಿ, ಅಂತ ಹೇಳಿದೆ. ಆಕಿ ತಲಿ ಅಲ್ಲಾಡಿಸಿದ್ಲು, ಆದ್ರ ನಂಬಲಿಲ್ಲ ಅಂತ ಮಾರಿ ಮ್ಯಾಲೇ ಇತ್ತು. ಒಬ್ಬ ಅಣ್ಣ ಹಿತ್ತಲದಾಗ ನಿಂತು ಹೇಳಿದ ಮಾತು ಅಷ್ಟ. ನನಗ ಸಿಟ್ಟು ಬಂತು. ರೇಡಿಯೋದಾಗ ಹೇಳ್ತೀನಿ ತಡಿ, ನಿಮ್ಮತ್ತಿ ಕೇಳಲಿ, ಬದನಿಕಾಯಿ ಸುದ್ದಿ ಕೇಳಾಕ ಬಂದವರು ಎಲ್ಲಾರೂ ಕೇಳಲಿ, ಅಂದೆ. ಆ ಮಾತು ನಾನು ಊರಿಗೆ ಅಂತ ಬರೀಲಿಲ್ಲ, ನಾಡಿಗೆ ಅಂತ ಬರೀಲಿಲ್ಲ. ಆಕಿ ಒಬ್ಬಾಕಿಗೆ ಬರದೆ. ಈ ಸಲ ಅಂಜದ, ಯಾರ ಪಾಪನೂ ಹೊರದ ಆಕಿ ಒಂದು ಕೂಸು ಹಡೀಬೇಕು, ನನಗ ಬೇಕಾಗಿದ್ದು ಅಷ್ಟ.

ಹದಿನೈದು ದಿನ ಬರದೆ. ಮೊದಲ ಕಡೀ ಸಾಲು: "ಕಂಬಳಿ ಸರಸ್ರಿ, ಬಾಗಲಾ ತಗೀರಿ, ತಲಿ ಎತ್ತಿ ನೋಡ್ರಿ, ಈ ಆಕಾಶ ನಿಮ್ಮದು." ಇದಕ್ಕ ಬಂದು ಬೀಳೂವಂಗ ಉಳಿದದ್ದು ಕಟ್ಟಿದೆ. ಸೂರ್ಯನ ಮುಂದ ಚಂದ್ರ ಹಾದು ಹೋಗೂದು, ಸಂತ್ಯಾಗ ಒಬ್ಬರ ಮುಂದ ಒಬ್ಬರು ಹಾದು ಹೋದಂಗ. ಆಮ್ಯಾಲ ಒನಕಿ. ನಮ್ಮ ಕಡೆ ಗ್ರಹಣ ಹಿಡಿದಾಗ ನೀರು ಹಾಕಿದ ಪರಾತದಾಗ ಒನಕಿ ನಿಂದರಸ್ತಾರ, ನಿಂತ್ರ ಗ್ರಹಣ ಹಿಡಿದೈತಿ, ಬಿದ್ರ ಬಿಟ್ಟೈತಿ ಅಂತ. ನಾನು ಶಾಲಿಯೊಳಗ ಯಾವ ಗ್ರಹಣನೂ ಇಲ್ಲದ ದಿನ ಒನಕಿ ನಿಂದರಿಸಿ ತೋರಿಸಿದ್ದೆ, ಅದನ್ನ ಬರದೆ. ಆಮ್ಯಾಲ ಸೆಗಣಿ ನೀರು. ಅಂಗಳದಾಗ ಪರಾತ ಇಟ್ಟು, ಸೆಗಣಿ ಕದಡಿದ ನೀರು ಹಾಕಿ, ಅದರಾಗ ಸೂರ್ಯನ ನೆಳ್ಳು ನೋಡೂದು ನಮ್ಮ ಹಿರ್‍ಯಾರ ಪದ್ಧತಿ. "ಮ್ಯಾಲ ಇಷ್ಟು ದೊಡ್ಡ ಆಕಾಶ ತೆರದಿಟ್ಟಾನ, ನಾವು ಬಗ್ಗಿ ಸೆಗಣ್ಯಾಗ ಹುಡುಕಾಕತ್ತೀವಿ" ಅಂತ ಬರದೆ. ಬರದು ನಾನ ನಕ್ಕೆ. ಆಮ್ಯಾಲ ಬಸುರಿ ಹೆಣ್ಣುಮಕ್ಕಳ ಮಾತು, ಅದು ಬರಿಯೂವಾಗ ಕಣ್ಣಾಗ ನೀರು ಬಂತು. ಅದಾದ ಮ್ಯಾಲ ಎರಡು ಸಾಲು ಇದ್ದವು: ಬರಿಗಣ್ಣಿಲೆ ಸೂರ್ಯನ್ನ ನೋಡಬ್ಯಾಡ್ರಿ, ಕಣ್ಣು ಸುಟ್ಟುಹೋಗ್ತಾವ, ತಿರುಗಿ ಬರೂದಿಲ್ಲ, ಗಾಜಿಗೆ ದೀಪದ ಮಸಿ ದಟ್ಟಗ ಹಿಡಿಸಿ ಅದರೊಳಗಿಂದ ನೋಡ್ರಿ. ಆಮ್ಯಾಲ ಕಡೀ ಸಾಲು.

ರೇಡಿಯೋ ಕೇಂದ್ರದಾಗ ಮೊದಲು ಒಮ್ಮೆ ಗಡಿಯಾರ ಇಟ್ಟು ಓದಿಸ್ತಾರ. ಅರ್ಧ ನಿಮಿಷ ಹೆಚ್ಚಾತು. ಅಲ್ಲಿದ್ದವರು, ನಿಮಗ ಬೇಕಾದದ್ದು ಇಟ್ಟು ಬ್ಯಾಡಾದದ್ದು ತಗೀರಿ, ಅಂದ್ರು, ಅವರದು ಅಷ್ಟ ಮಾತು. ನಾನು ಪೆನ್ಸಿಲ್ ಹಿಡಕೊಂಡು ಕುಂತೆ. ಒನಕಿ ತಗೀಬಹುದಿತ್ತು. ಸಂತಿ ತಗೀಬಹುದಿತ್ತು. ಸೆಗಣಿ ಮಾತು ತಗದಿದ್ರ ಅರ್ಧಕ್ಕರ್ಧ ಪುಣ್ಯ ಬರ್ತಿತ್ತು. ಆದ್ರ ಆ ಎರಡು ಸಾಲು ಮೊದಲಿಂದನೂ ನನ್ನ ಕಿವಿಗೆ ಕಲ್ಲು ಸಿಕ್ಕಂಗ ಸಿಗಾಕತ್ತಿದ್ವು. ಬಸುರಿ ಹೆಂಗಸಿನ ಮಾತಿನಿಂದ ಕಡೀ ಸಾಲಿಗೆ ಏರಿಕೋತ ಹೋಗುವಾಗ ನಡುವ ಬಂದು ಮಸಿ, ಗಾಜು, ಸುಡೂದು! ಲಯ ಮುರೀತಿತ್ತು. ಅಲ್ಲದ, ಸೂರ್ಯನ್ನ ಬರಿಗಣ್ಣಿಲೆ ನೋಡಬಾರದು ಅಂತ ಯಾರಿಗೆ ಗೊತ್ತಿಲ್ಲ, ಸಣ್ಣ ಕೂಸು ಸುದ್ದ ಕಣ್ಣು ಮುಚ್ಚಿಕೊಳ್ತೈತಿ, ಅಂತ ನನಗ ನಾನ ಹೇಳಿಕೊಂಡೆ. ಬ್ಯಾರೆ ದಿನ ಕಣ್ಣು ತಾನಾಗಿ ಮುಚ್ಚತಾವ, ಗ್ರಹಣದ ದಿನ ಸೂರ್ಯ ಮುಕ್ಕಾಲು ಮುಚ್ಚಿ ಮೆತ್ತಗಾದಾಗ ಕಣ್ಣು ಮೋಸ ಹೋಗ್ತಾವ, ಇದು ನನಗ ಗೊತ್ತಿತ್ತು. ಗೊತ್ತಿದ್ದೂ ಗೀಚಿ ಹಾಕಿದೆ. ಕೆಂಪು ದೀಪ ಹತ್ತಿತು. ಹತ್ತನೇ ನಿಮಿಷಕ್ಕ ಸರಿಯಾಗಿ ಆಕಾಶ ನಿಮ್ಮದು ಅಂತ ನಿಲ್ಲಿಸಿದೆ. ನನ್ನ ಜನ್ಮದಾಗ ಅಷ್ಟು ಚಂದ ನಾನು ಎಂದೂ ಮಾತಾಡಿದ್ದಿಲ್ಲ, ಹಾಡಿದ್ದೂ ಇಲ್ಲ.

ತಿರುಗಿ ಲಿಂಗಸುಗೂರಿಗೆ ಬರೂದರಾಗ ಮಾತು ಊರ ತುಂಬ ಆಗಿತ್ತು. ಹೋಟ್ಲದಾಗ ಒಬ್ಬರು ಇನ್ನೊಬ್ಬರಿಗೆ, ಏನಲೇ, ಸೆಗಣ್ಯಾಗ ಹುಡುಕಾಕತ್ತೀಯೇನು, ಅಂತ ಚ್ಯಾಷ್ಟಿ ಮಾಡ್ತಿದ್ರು. ಮಸ್ಕಿ ಬಸ್ಸಿನ ಕಂಡಕ್ಟರ್ ಕೈಯಾಗ ತಂಗಿ ಒಂದು ಚೀಟಿ ಕಳಿಸಿದ್ಲು. ಅದರಾಗ ಇದ್ದದ್ದು ಎರಡೇ ಶಬ್ದ: ಸಮಕ್ಕ ಬಂತು. ನಾ ಆ ಚೀಟಿ ಅಂಗಿ ಕಿಸೆದಾಗ ಇಟ್ಟುಕೊಂಡು ಅಡ್ಡಾಡಿದೆ.

ಅಮಾಸಿ ಮುಂಜಾನಿ ನಾನು ಶಾಲಿ ಬಯಲಿನಾಗ ಇದ್ದೆ. ಒಂದು ವಾರ ಮೊದಲಿಂದ ಒಡದ ಗಾಜಿನ ಚೂರು ಕೂಡಿಸಿ, ಅಂಚು ತಿಕ್ಕಿ, ಕಂದೀಲಿನ ಮಸಿ ಹಿಡಿಸಿ, ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದೆ. ಗಾಜಿಲ್ಲದ ಮ್ಯಾಲ ನೋಡಿದ್ರ ಚರ್ಮ ಸುಲೀತೀನಿ ಅಂತ ಕೈಯಾಗ ಬೆತ್ತ ಹಿಡಕೊಂಡು ಅಡ್ಡಾಡಿದೆ. ನನ್ನ ಕೈಕೆಳಗಿನ ಒಂದು ಕಣ್ಣಿಗೂ ಏನೂ ಆಗಲಿಲ್ಲ.

ಎರಡು ದಿನ ಬಿಟ್ಟು ಭಾವ ಬಂದ. ಅಂವ ಅಂಗಡಿ ಬಿಟ್ಟು ಬರುವಾಂವ ಅಲ್ಲ. ಕ್ಲಾಸಿನ ಬಾಗಲದಾಗ ನಿಂತಿದ್ದ, ಒಳಗ ಬಾ ಅಂದ್ರೂ ಬರಲಿಲ್ಲ. ನಿಮ್ಮ ತಂಗಿಗೆ ಕಣ್ಣು ಕಾಣಸವಲ್ದಾಗ್ಯಾವ ರೀ, ಅಂದ. ನನಗ ತಕ್ಷಣ ಎಲ್ಲಾ ತಿಳೀತು. ತಿಳಿಯಾಕ ಒಂದು ಕ್ಷಣನೂ ಹಿಡೀಲಿಲ್ಲ, ಅದ ನನ್ನ ವಿದ್ಯಾ.

ಆಕಿ ಪಡಸಾಲಿಯೊಳಗ ಗ್ವಾಡಿಗೆ ಆತು ಕುಂತಿದ್ಲು. ನಾ ಎದುರಿಗೆ ಕುಂತೆ. ಆಕಿ ನನ್ನ ಕಿವಿ ಕಡೆ ನೋಡಿದ್ಲು. ನಿನ್ನ ಮಾರಿ ನೋಡಿದ್ರ ಅಲ್ಲಿ ಅಂಗಿ ಗುಂಡಿಯಂಥದು ಒಂದು ಕರ್‍ರಗ ಕುಂತೈತಿ ಅಣ್ಣಾ, ಬಾಜೂಕ ನೋಡಿದ್ರ ಮಾರಿ ಒಂದೀಟು ಕಾಣ್ತೈತಿ, ಅಂದ್ಲು. ಅವತ್ತು ಆಗಿದ್ದನ್ನೂ ಹೇಳಿದ್ಲು. ರೇಡಿಯೋದಾಗ ಕೇಳಿದ ಮ್ಯಾಲ ಅತ್ತಿ ಮೆತ್ತಗಾಗಿದ್ಲಂತ. ನಿಮ್ಮಣ್ಣ ಅಷ್ಟು ಓದಿದಾಂವ ಹೇಳ್ಯಾನ, ಒಳಗ ಮಲಗೂದು ಬ್ಯಾಡ, ಹೊರಗ ಬಾ, ಆದ್ರ ಪರಾತದಾಗ ನೋಡವ್ವಾ, ಅಂತ ಅಂಗಳದಾಗ ಸೆಗಣಿ ನೀರು ಕದಡಿ ಇಟ್ಟಿದ್ಲಂತ. ಆಕಿ ನಕ್ಕು, ಅಣ್ಣನ ಮಾತು ಅತ್ತಿಗೆ ಹೇಳಿ, ತಲಿ ಎತ್ತಿದ್ಲು. ಪೂರಾ ಒಂದು ಹಾಡು ಮುಗಿಯೂತನಕ ಎತ್ತೇ ಇದ್ಲು. ಖರೇನ ಹಾಡಿದ್ಲು. ಬಯಲಾಗ, ಗಟ್ಟಿ ದನಿಲೆ, ಓಣಿ ಮಂದಿ ಮಾಳಗಿ ಮ್ಯಾಲ ನಿಂತು ಕೇಳೂವಂಗ.

ಸೆಗಣಿ ನೀರಿನ ಬಗ್ಗೆ ಒಂದು ಮಾತು ಹೇಳಬೇಕು. ನೀರಿನ ಮ್ಯಾಲ ನೆಟ್ಟಗ ಬಿದ್ದ ಬೆಳಕಿನಾಗ ತಿರುಗಿ ಮ್ಯಾಲ ಬರೂದು ಭಾಳ ಸ್ವಲ್ಪ, ಉಳಿದದ್ದು ಒಳಗ ಇಳೀತೈತಿ. ನೀರು ಕದಡಿ ಕಪ್ಪಗಿದ್ರ ಇಳಿದದ್ದು ಅಲ್ಲೇ ಸಾಯ್ತೈತಿ. ಕಣ್ಣಿಗೆ ಬರೂದು ತಂಪಾದ ಸೂರ್ಯ. ಇದನ್ನ ನಾನು ಕಾಲೇಜಿನಾಗ ಓದಿದ್ದೆ, ಪರೀಕ್ಷಾದಾಗ ಬರದು ಛಲೋ ಮಾರ್ಕ್ಸ್ ತಗೊಂಡಿದ್ದೆ. ಆ ಮುದುಕಿ ಪರಾತ ಮತ್ತು ನನ್ನ ಮಸಿ ಗಾಜು, ಎರಡೂ ಒಂದೇ ಕೆಲಸದ್ದು. ಒನಕಿ ಸುಳ್ಳು ಅಂತ ಪರಾತನೂ ಸುಳ್ಳು ಅಂದುಬಿಟ್ಟೆ. ಎಲ್ಲಾ ಒಂದೇ ಗಂಟಿನಾಗ ಕಟ್ಟಿ ನಗಸಾಕ ಹೋದೆ.

ರಾಯಚೂರಿಗೆ ಕರಕೊಂಡು ಹೋದೆವು. ಕಣ್ಣಿನ ಡಾಕ್ಟರು ದೀಪ ಹಿಡಿದು ಒಳಗೆಲ್ಲಾ ನೋಡಿ, ಸುಟ್ಟೈತಿ, ಇದಕ್ಕ ಔಷಧ ಇಲ್ಲ, ಕೆಲವರಿಗೆ ಆರು ತಿಂಗಳದಾಗ ಒಂದೀಟು ತಿಳಿ ಆಗ್ತೈತಿ, ಕೆಲವರಿಗೆ ಆಗೂದಿಲ್ಲ, ಅಂದ್ರು. ತಿರುಗಿ ಬರುವಾಗ ಬಸ್ಸಿನಾಗ ಭಾವ ಮುಂದ ಕುಂತಿದ್ದ, ನಾವು ಹಿಂದ. ನನಗ ತಡೀಲಿಲ್ಲ. ಎರಡು ಸಾಲು ಬರದಿದ್ದೆ, ಬರಿಗಣ್ಣಿಲೆ ನೋಡಬ್ಯಾಡ್ರಿ ಅಂತ ಇತ್ತು, ಆಮ್ಯಾಲ ತಗದೆ, ಅಂತ ಹೇಳಿದೆ. ಆಕಿ ಕಿಡಕಿ ಕಡೆ ಮಾರಿ ಹೊಳ್ಳಿಸಿದ್ಲು. ಹೊರಗ ಕಾಲುವಿ ಕೆಲಸದ ಮಣ್ಣಿನ ದಿಬ್ಬ ಹಾದು ಹೋದವು.

"ಯಾಕ ತಗದಿ?"

ಹೊತ್ತು ಸಾಲಲಿಲ್ಲ ಅನ್ನಾಕ ಬಾಯಿ ತೆರದೆ. ಆಕಿ ಮುಂದ ಆ ಸುಳ್ಳು ಹೊರಡಲಿಲ್ಲ. "ಚಂದ ಆಗ್ತಿದ್ದಿಲ್ಲ" ಅಂದೆ.

ಆಕಿ ಹೌದು ಅನ್ನೂವಂಗ ತಲಿ ಹಾಕಿದ್ಲು. ಹಾಡುವಾಕಿ, ಆಕಿಗೆ ತಿಳೀತು. ಉಗುಳಿದ್ರ, ಹೊಡದ್ರ ನಾನು ಬದುಕ್ತಿದ್ದೆ. ಆ ತಲಿ ಹಾಕಿದ್ದು ನನ್ನ ಎದಿ ಸೀಳಿತು, ಇವತ್ತಿಗೂ ಸೀಳ್ತೈತಿ.

ಮಸ್ಕಿಗೆ ಬಂದ ಮ್ಯಾಲ ಆಕಿ ಒಂದು ಕೆಲಸ ಮಾಡಿದ್ಲು. ಓಣ್ಯಾಗಿನವರು ನೋಡಾಕ ಬಂದಾಗ, ನಿಮ್ಮಣ್ಣನ ಮಾತು ಕೇಳಿ ಹಿಂಗಾತಲ್ಲವ್ವಾ, ಅಂತ ಒಬ್ಬಾಕಿ ಅಂದ್ಲು. ತಂಗಿ ತಕ್ಷಣ, ನಮ್ಮಣ್ಣ ಸರಿಯಾಗೇ ಹೇಳಿದ್ದ, ಮಸಿ ಗಾಜು ಅಂತ ಹೇಳಿದ್ದ, ನಿಮಗ ಕೇಳಿಸಿಲ್ಲ, ನನ್ನ ಪಾಲಿಗೆ ರಾಹು ಬಂದ, ತಗೊಂಡು ಹೋದ, ಅಂದ್ಲು. ನಾ ಬಾಗಲದಾಗ ನಿಂತು ಕೇಳಿದೆ. ಇಲ್ಲ, ಹೇಳಿದ್ದಿಲ್ಲ, ಅಂತ ಒಳಗ ಹೋಗಿ ಕೂಗಬೇಕಿತ್ತು. ಕೂಗಲಿಲ್ಲ. ಮಾಸ್ತರನ ಮಾನ ಉಳೀಲಿ ಅಂತ ಆಕಿ ರಾಹುನ್ನ ಕರಕೊಂಡು ಬಂದಿದ್ಲು, ನಾನು ಸುಮ್ಮನಿದ್ದು ಅವನಿಗೆ ಕುಂಡ್ರಾಕ ಮಣಿ ಹಾಕಿದೆ. ಊರಾಗ ಕಥಿ ಹಂಗ ಬೆಳೀತು. ಹೊಟ್ಯಾಗಿನ ಕೂಸು ಉಳೀಲಿ ಅಂತ ಆಕಿ ತನ್ನ ಕಣ್ಣು ರಾಹುಗ ಕೊಟ್ಲು ಅಂದ್ರು. ಕಾರ್ತಿಕದಾಗ ಕೂಸು ಹುಟ್ಟಿತು, ಗಂಡು, ಗುಂಡಕಲ್ಲಿನಂಗ ಇತ್ತು. ಕಥಿ ಖರೇ ಆತು.

ಆರು ತಿಂಗಳು ನಾನು ಪ್ರತಿ ರವಿವಾರ ಹೋಗಿ ಆಕಿ ಮುಂದ ಬೆರಳು ಹಿಡೀತಿದ್ದೆ. ಕರೀ ಗುಂಡಿ ಕರಗಲಿಲ್ಲ. ಆರನೇ ತಿಂಗಳು ಮುಗಿದ ಮ್ಯಾಲ ಆಕಿನ, ಬಿಡು ಅಣ್ಣಾ, ಸಾಕು, ಅಂದ್ಲು. ಮತ್ತ ಆ ರೇಡಿಯೋ ಯಾಕ ಬಿಡಲಿಲ್ಲ ಅಂತ ಕೇಳಬಹುದು. ಆಕಿ ಬಿಡಗೊಡಲಿಲ್ಲ. ನೀ ಬಿಟ್ಟರ ಊರಿಗೆಲ್ಲಾ ತಿಳೀತೈತಿ, ಅಂದ್ಲು. ಹಂಗಾಗಿ ಮಾತಾಡಿಕೋತ ಬಂದೆ. ಎಚ್ಚರಿಕಿ ಮಾತು ಮೊದಲ ಹೇಳಿ ಆಮ್ಯಾಲ ಉಳಿದದ್ದು. ಮಂದಿ ಮೊದಲಿನ ಎರಡು ನಿಮಿಷ ಕೇಳೂದೇ ಇಲ್ಲ, ಎಲಿ ಅಡಿಕಿ ಹಾಕ್ಕೊಂಡು ಆಮ್ಯಾಲ ಬಂದು ಕುಂಡ್ರತಾರ, ಅದನ್ನೂ ಕಂಡೀನಿ.

ಐವತ್ತಾರರ ದೀಪಾವಳಿಗೆ ಹೋದೆ. ಹೊಸ ರಾಜ್ಯ ಆಗಿ ಊರೂರಾಗ ಮೆರವಣಿಗಿ ಆಗಿದ್ವು, ಬಸ್ಸಿಗೆ ಕಟ್ಟಿದ ಮಾವಿನ ಎಲಿ ಇನ್ನೂ ಒಣಗಿದ್ದಿಲ್ಲ. ಅಳಿಯನಿಗೆ ವರ್ಷ ತುಂಬಾಕ ಬಂದಿತ್ತು. ಅಂಗಳದಾಗ ಕಟ್ಟಿ ಹಿಡಕೊಂಡು ನಿಂತಿದ್ದ. ಬಾ ಅಂತ ಕೈ ಮಾಡಿದೆ. ಕೂಸು ನೆಟ್ಟಗ ನೋಡಲಿಲ್ಲ. ಮಾರಿ ಬಾಜೂಕ ಹೊಳ್ಳಿಸಿ, ಕಣ್ಣಿನ ತುದಿಲೆ ನನ್ನ ನೋಡಿ ನಕ್ತು. ತನ್ನ ಅವ್ವನ ಹಂಗ, ಥೇಟ್ ಅವ್ವನ ಹಂಗ.

ಒಂದು ಕ್ಷಣ ನಾನು ಸುದ್ದ ಅಂಜಿದೆ. ಆಮ್ಯಾಲ ಕಿಸೆದಾಗಿನ ಕೀಲಿ ತಗದು ಅದರ ಎದುರಿಗೆ, ಎಡಕ್ಕ, ಬಲಕ್ಕ ಆಡಿಸಿದೆ. ನೆಟ್ಟಗ ಹಿಡಿದದ್ದನ್ನೂ ಕೂಸು ಗಪ್ಪನ ಹಿಡೀತು. ಕಣ್ಣು ಛಲೋ ಇದ್ವು, ಏನೂ ಆಗಿದ್ದಿಲ್ಲ. ಹುಟ್ಟಿದಾಗಿಂದ ಎತ್ತಿಕೊಂಡಾಕಿ ಹಂಗ ನೋಡ್ತಾಳ, ಮಂದಿನ್ನ ನೋಡೂದಂದ್ರ ಹಂಗ ಅಂತ ಅದು ಕಲತಿತ್ತು. ಬ್ಯಾರೆ ಏನೂ ಅಲ್ಲ.

ಒಳಗ ಅತ್ತಿ ಒಲಿ ಮುಂದ ಕುಂತಿದ್ಲು. ಕೆಂಡದಾಗ ಒಂದು ಬಳಿ ತುಂಡು ಇಟ್ಟಿದ್ರು. ಪಕ್ಕದಾಗ ಚುಟಿಗಿ ಕೊಡೂ ಮುದುಕಿ ಒಬ್ಬಾಕಿ ಕುಂತಿದ್ಲು. ಗ್ರಹಣ ಬಡದ ಕೂಸಿಗೆ ಎರಡೂ ಕಪಾಳದ ಮ್ಯಾಲ, ಕಣ್ಣಿನ ಬಾಜೂಕ, ಕಾದ ಬಳಿ ಮುಟ್ಟಿಸಿದ್ರ ನೋಟ ನೆಟ್ಟಗ ಆಗ್ತೈತಂತ. ಅಮಾಸಿನೇ ಆಗಬೇಕಂತ, ಅದಕ್ಕ ಹಬ್ಬದ ದಿನ. ಅತ್ತಿ ಅಳಾಕತ್ತಿದ್ಲು, ಆಕಿಗೂ ಮನಸ್ಸಿದ್ದಿಲ್ಲ. ಭಾವ ಅಂಗಡ್ಯಾಗ ಲಕ್ಷ್ಮೀ ಪೂಜಾದ ತಯ್ಯಾರಿ ಮಾಡಾಕತ್ತಿದ್ದ. ಸುಡೂದು ನಿಲ್ಲಸು ಅಂತ ನಾ ಹೇಳಿದ್ದಕ್ಕ, ಹೆಂಗಸರ ಕೆಲಸ, ನಿಮ್ಮ ತಂಗಿ ಏನ ಅಂತಾಳೋ ಹಂಗ, ಅಂದು ತಲಿ ಕೆಳಗ ಹಾಕಿದ.

ತಂಗಿ ಕೂಸಿನ್ನ ಬಗಲಾಗ ಎತ್ತಿಕೊಂಡು ಕಂಬಕ್ಕ ಆತು ನಿಂತಿದ್ಲು. ನಾ ಆಕಿ ಮುಂದ ಹೋಗಿ ಎಲ್ಲಾ ಹೇಳಿದೆ. ಕೀಲಿ ತೋರಿಸಿದೆ. ಕೂಸು ನಿನ್ನ ನೋಡಿ ಕಲತೈತಿ, ನಾಕು ದಿನ ಬ್ಯಾರೆಯವರ ಕೈಯಾಗ ಆಡಿದ್ರ ತಾನಾಗಿ ಬಿಡ್ತೈತಿ, ಸುಡಸಬ್ಯಾಡ, ಕಾಲಿಗೆ ಬೀಳ್ತೀನಿ, ಅಂದೆ. ನನ್ನ ವಿದ್ಯಾದಾಗ ಅಷ್ಟು ಖರೇ ಮಾತು ನಾನು ಎಂದೂ ಆಡಿದ್ದಿಲ್ಲ. ಆಕಿ ನನ್ನ ಕಿವಿ ಕಡೆ ನೋಡಿಕೋತ ಪೂರಾ ಕೇಳಿದ್ಲು.

"ನೀ ಹೇಳಿದ್ರ ನಂಬಬೇಕು ಅನಸ್ತೈತಿ ಅಣ್ಣಾ," ಅಂದ್ಲು. "ಅದಕ್ಕ ಅಂಜಿಕಿ ಬರ್ತೈತಿ."

ಇಷ್ಟ ಅಂದು ಕೂಸಿನ ಮಾರಿ ತನ್ನ ಎದಿಗೆ ಒತ್ತಿಕೊಂಡು ಅಡಗಿಮನಿಯೊಳಗ ಹೋದ್ಲು. ಹಿಂದ ಹೋಗಿ ಕಸಗೊಳ್ಳಬಹುದಿತ್ತು, ನಾನೇನು ಅಶಕ್ತ ಇದ್ದಿಲ್ಲ. ಆದ್ರ ಯಾವ ಮಾರಿ ಹೊತ್ತು ಹೋಗ್ಲಿ? ಅಂಗಳದಾಗ ನಿಂತೆ. ಹೊರಗ ಓಣ್ಯಾಗ ಪಟಾಕಿ ಹಾರಸಾಕತ್ತಿದ್ರು. ಆ ಸಪ್ಪಳದಾಗೂ ಕೂಸು ಚೀರಿದ್ದು ಎರಡು ಸಲ ಕೇಳಿಸ್ತು.